ಮುಚ್ಚುವ ವೇಳೆಯಿಲ್ಲದ ಕಚೇರಿ

ಮಾನಸಿಕ ಅತಿಹೊರೆ ಎಂಬುದು ವೈದ್ಯರ ರೋಗಪಟ್ಟಿಯಲ್ಲಿ ಸೇರಿದ ಕಾಯಿಲೆಯಲ್ಲ. ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಟ್ಟು ಸಂಭಾಳಿಸಬಲ್ಲಷ್ಟನ್ನು ಮೀರಿ ಮಾಹಿತಿ, ಸೂಚನೆ, ನಿರ್ಧಾರ ಮತ್ತು ಬಾಕಿ ಕೆಲಸಗಳು ಒಟ್ಟೊಟ್ಟಿಗೆ ಅದರ ಮೇಲೆ ಬಂದು ಬಿದ್ದಾಗ ಉಂಟಾಗುವ ಸ್ಥಿತಿಗೆ ವಿದ್ವಾಂಸರು ಕೊಟ್ಟ ಹೆಸರು ಅದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಪರಿಷ್ಕರಣೆ 2022ರ ಜನವರಿ 1ರಂದು ಜಾರಿಗೆ ಬಂದಾಗ ಡಿಜಿಟಲ್ ಆಟಗಳ ಗೀಳು ಅದರೊಳಗೆ ಕಾಯಿಲೆಯಾಗಿ ಸೇರಿತು, ದುಡಿಮೆಯಿಂದ ಬರುವ ತೀವ್ರ ಬಳಲಿಕೆಯು ಕಾಯಿಲೆಯಲ್ಲದ ‘ವೃತ್ತಿಸಂಬಂಧಿ ವಿದ್ಯಮಾನ’ವೆಂದು ಸೇರಿತು, ಅತಿಹೊರೆಗೆ ಮಾತ್ರ ಎರಡೂ ಸಾಲಿನಲ್ಲಿ ಜಾಗ ಸಿಗಲಿಲ್ಲ. ಆದ್ದರಿಂದಲೇ ಅದನ್ನು ಯಾವ ಆಸ್ಪತ್ರೆಯ ವಹಿಯೂ ಎಣಿಸುವುದಿಲ್ಲ, ಯಾವ ಕಚೇರಿಯ ರಜೆ ಅರ್ಜಿಯಲ್ಲಿಯೂ ಅದನ್ನು ಕಾರಣವಾಗಿ ಬರೆಯುವಂತಿಲ್ಲ. ಹೇಳಬೇಕಾದ ಮಾತು ಮರೆತುಹೋಗುವುದು, ಸಣ್ಣದಕ್ಕೂ ಸಿಡಿಮಿಡಿಗೊಳ್ಳುವುದು, ಓದಿದ ಸಾಲನ್ನೇ ಮತ್ತೆ ಓದುವುದು, ನಿದ್ದೆ ನಡುರಾತ್ರಿ ಹರಿಯುವುದು, ಮೊಬೈಲ್ ತೆರೆದ ಮೇಲೆ ತೆರೆದದ್ದು ಏಕೆಂಬುದೇ ನೆನಪಾಗದಿರುವುದು ಇವೆಲ್ಲ ಅದರ ಸಾಮಾನ್ಯ ಲಕ್ಷಣಗಳಾಗಿದ್ದು, ಕಲಬುರಗಿ ಸೀಮೆಯ ಜನ ಅಷ್ಟನ್ನೂ ‘ತಲಿ ಕೆಟ್ಟಂಗ ಆಗ್ಯದ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ಈ ವಿಷಯದ ಚರ್ಚೆ ಸಾಮಾನ್ಯವಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳಿಂದ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಇಪ್ಪತ್ತೈದರ ಹರೆಯದ ಉದ್ಯೋಗಿ, ಮೂರು ತಿಂಗಳಿಗೊಮ್ಮೆ ಬದಲಾಗುವ ಉಪಕರಣ, ಕೃತಕ ಬುದ್ಧಿಮತ್ತೆ ತನ್ನ ಕೆಲಸವನ್ನು ಕಸಿದೀತೆಂಬ ಆತಂಕ ಇವು ಆ ಚರ್ಚೆಯ ಪರಿಚಿತ ಪಾತ್ರಗಳು. ಅವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅತಿಹೊರೆಯ ಇನ್ನೊಂದು ಮುಖವನ್ನು ಕಾಣಬೇಕಾದರೆ ತಾಜಸುಲ್ತಾನಪುರದಂಥ ಊರನ್ನು ನೋಡಬೇಕಾಗುತ್ತದೆ. ಕಲಬುರಗಿ ನಗರದ ಅಂಚಿಗೆ ಹೊಂದಿಕೊಂಡ ಈ ಊರಿನಲ್ಲಿ ರಾಜ್ಯ ಮೀಸಲು ಪೊಲೀಸ್ 6ನೇ ಪಡೆಯ ನೆಲೆಯಿದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣ ದೊರೆತಿದೆ. ಅದೇ ಹಳಿಯಲ್ಲಿ ಮುಂದೆ ಸಾಗಿದರೆ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಮಲಾಪುರ ಸಿಗುತ್ತದೆ. ನಗರವೂ ಹೊಲವೂ ಹೀಗೆ ಬೆರೆಯುವ ಅಂಚಿನಲ್ಲಿ ಒಂದೇ ಕುಟುಂಬವು ತೊಗರಿಯ ಬೆಳೆ ಸಮೀಕ್ಷೆಯ ಆ್ಯಪ್, ಪಡಿತರದ ಇ-ಕೆವೈಸಿ, ಗೃಹಲಕ್ಷ್ಮಿಯ ಹಣ ಜಮೆಯಾಯಿತೇ ಎಂಬ ವಿಚಾರಣೆ, ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಬ್ಯಾಂಕಿನ ಒಟಿಪಿ ಇಷ್ಟನ್ನೂ ಒಂದೇ ದಿನದಲ್ಲಿ ನಿಭಾಯಿಸಬೇಕಾಗಿ ಬರುವುದುಂಟು. ಇದನ್ನೆಲ್ಲ ನಿಭಾಯಿಸುವ ಜನ ತಂತ್ರಜ್ಞಾನದ ಉದ್ಯೋಗಿಗಳಲ್ಲ, ತಂತ್ರಜ್ಞಾನವನ್ನು ಕೇಳಿ ಪಡೆದವರೂ ಅಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸಿನಲ್ಲಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಓದಲು ಬಾರದವರ ಪಾಲಿನ ಸೂಚನೆಗಳನ್ನೂ ಮನೆಯಲ್ಲಿ ಓದಬಲ್ಲ ಒಬ್ಬರೇ ಹೊರಬೇಕಾಗುತ್ತದೆ.

ಕಲಬುರಗಿಯ ಹಳ್ಳಿಗಳಿಗೆ ಹೊಸ ತಂತ್ರಜ್ಞಾನ ಅಪರಿಚಿತವೇನಲ್ಲ. ಒಂದು ವಿಷಯದಲ್ಲಿ ಅವು ರಾಜಧಾನಿಗಿಂತ ಮುಂದೆ ಇದ್ದವು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದ ನಾಸಾ ಸಂಸ್ಥೆಯಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಸಿದ ಉಪಗ್ರಹ ಬೋಧನ ಟೆಲಿವಿಷನ್ ಪ್ರಯೋಗವು, ಅಂದರೆ ‘ಸೈಟ್’ ಎಂದು ಹೆಸರಾದ ಯೋಜನೆಯು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡಾಗ ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ದೊಡ್ಡ ತಟ್ಟೆಯ ಆಂಟೆನಾ ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿದು, ಊರಿಗೊಂದರಂತೆ ಇಟ್ಟ ಟಿವಿಯಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗಾಗಿ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗಾಗಿ ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮಗಳನ್ನು ತೋರಿಸುತ್ತಿತ್ತು. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಗುಲಬರ್ಗಾದಲ್ಲಿ ದೂರದರ್ಶನದ ಕೇಂದ್ರ ಬಂತು. ಬೆಂಗಳೂರು ತನ್ನ ಕೇಂದ್ರಕ್ಕಾಗಿ 1981ರವರೆಗೆ ಕಾಯಬೇಕಾಯಿತು.

ಆ ಟಿವಿಯನ್ನು ನೆನೆಯುವುದು ಹಳೆಯ ಕಾಲವೇ ಸೊಗಸಾಗಿತ್ತೆಂದು ಹೇಳುವುದಕ್ಕಲ್ಲ. ಅದರ ಮುಂದೆ ಕೂರುವಾಗಲೂ ಊರಿನ ಜಾತಿ-ಲಿಂಗಗಳ ಮೇಲು-ಕೀಳು ಮಾಯವಾಗುತ್ತಿರಲಿಲ್ಲ, ಯಾವ ಕಾರ್ಯಕ್ರಮ ತೋರಿಸಬೇಕೆಂಬ ನಿರ್ಧಾರವೂ ಹಳ್ಳಿಗರ ಕೈಯಲ್ಲಿ ಇರಲಿಲ್ಲ. ಗಮನಿಸಬೇಕಾದದ್ದು ಅದರ ಕಾಲದ ವ್ಯವಸ್ಥೆಯನ್ನು. ಅದು ಒಂದು ಜಾಗದಲ್ಲಿತ್ತು, ಗೊತ್ತಾದ ಹೊತ್ತಿಗೆ ಆರಂಭವಾಗಿ ಗೊತ್ತಾದ ಹೊತ್ತಿಗೆ ಆರುತ್ತಿತ್ತು, ನೋಡದೆ ಮನೆಗೆ ಹೋದವರನ್ನು ಅದು ಹಿಂಬಾಲಿಸುತ್ತಿರಲಿಲ್ಲ, ನೋಡಿದವರಿಂದ ತತ್‌ಕ್ಷಣದ ಉತ್ತರವನ್ನೂ ಬಯಸುತ್ತಿರಲಿಲ್ಲ. ಯಾವಾಗ ನಿಲ್ಲಿಸಬೇಕೆಂಬ ನಿರ್ಧಾರದ ಹೊಣೆ ನೋಡುಗನ ಮೇಲೆ ಇರಲೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಬಳಿಕ ಇದೇ ಜಿಲ್ಲೆಯ ಅಂಗೈಗಳಿಗೆ ಬಂದ ತಂತ್ರಜ್ಞಾನದಲ್ಲಿ ಈ ನಾಲ್ಕೂ ಗುಣಗಳು ತಲೆಕೆಳಗಾದವು. ಮನುಷ್ಯನ ತಲೆಯನ್ನು ದಣಿಸುವುದು ಹೊಸತನವೇ ಆಗಿದ್ದರೆ, ವಿದ್ಯುತ್ತನ್ನೇ ಆಗತಾನೇ ಕಂಡಿದ್ದ ಹಳ್ಳಿಗೆ ಉಪಗ್ರಹದಿಂದ ಚಿತ್ರ ಇಳಿದು ಬಂದ 1975ರಲ್ಲಿಯೇ ಅದು ದಣಿಯಬೇಕಿತ್ತು.

ತಲೆಯೊಳಗಿನ ಇಕ್ಕಟ್ಟು

ಹೊರೆ ಹೇಗೆ ಹುಟ್ಟುತ್ತದೆಂಬುದನ್ನು ಮನಶ್ಶಾಸ್ತ್ರ ಸಾಕಷ್ಟು ವಿವರವಾಗಿ ಅಧ್ಯಯನ ಮಾಡಿದೆ. ಈ ಗಳಿಗೆಯಲ್ಲಿ ಬೇಕಾದ ಸಂಗತಿಗಳನ್ನು ತಾತ್ಕಾಲಿಕವಾಗಿ ಹಿಡಿದುಕೊಂಡು ಅವುಗಳ ಮೇಲೆ ಕೆಲಸ ಮಾಡುವ ಮನಸ್ಸಿನ ಶಕ್ತಿಗೆ ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರ ಪ್ರಸಿದ್ಧ ಲೇಖನದಲ್ಲಿ ಇಂಥ ತಾತ್ಕಾಲಿಕ ಹಿಡಿತದ ಮಿತಿ ಏಳಕ್ಕೆ ಎರಡು ಹೆಚ್ಚು-ಕಡಿಮೆ ಎಂದು ಅಂದಾಜಿಸಿದ್ದರೆ, 2001ರಲ್ಲಿ ನೆಲ್ಸನ್ ಕೋವನ್ ಆವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ಅದನ್ನು ನಾಲ್ಕರ ಸುತ್ತಮುತ್ತಕ್ಕೆ ಇಳಿಸಿದರು. ಮೊಬೈಲಿಗೆ ಪ್ರತಿವರ್ಷ ಹೆಚ್ಚುವ ಮೆಮರಿ ಮನುಷ್ಯನಿಗೆ ಹೆಚ್ಚುವುದಿಲ್ಲ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದು ಕೆಲಸ ನಡೆಯುತ್ತಿರುವಾಗ ಇನ್ನೊಂದು ಬಂದರೆ ಮೊದಲನೆಯದು ಪೂರ್ತಿ ಹೊರಗೆ ಹೋಗುವುದಿಲ್ಲ. ಅದರ ಒಂದು ಪಾಲು ಒಳಗೇ ಉಳಿದು ಎರಡನೆಯದರ ಜಾಗವನ್ನು ಆಕ್ರಮಿಸಿರುತ್ತದೆ. ಸೋಫಿ ಲೆರಾಯ್ 2009ರಲ್ಲಿ ಇದಕ್ಕೆ ‘ಗಮನದ ಉಳಿಕೆ’ ಎಂಬರ್ಥದ ಹೆಸರಿಟ್ಟರು. ಅರ್ಧಕ್ಕೆ ನಿಂತ ಕೆಲಸದಲ್ಲಿ ಉಳಿಕೆ ಹೆಚ್ಚು. ಕಂಪ್ಯೂಟರಿನ ಮುಂದೆ ಕುಳಿತವರು ಒಂದು ಪರದೆಯ ಮೇಲೆ ಗಮನ ನಿಲ್ಲಿಸುವ ಅವಧಿ 2004ರಲ್ಲಿ ಸರಾಸರಿ ಎರಡೂವರೆ ನಿಮಿಷದಷ್ಟು ಇದ್ದದ್ದು ಈಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಇಳಿದಿದೆಯೆಂದು ಗ್ಲೋರಿಯಾ ಮಾರ್ಕ್ ಅವರ ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಅಂದರೆ ದಿನವಿಡೀ ಒಂದರ ಉಳಿಕೆಯ ಮೇಲೆ ಇನ್ನೊಂದರ ಉಳಿಕೆ ಕೂಡುತ್ತ ಹೋಗುತ್ತದೆ. ಸಂಜೆಗೆ ‘ಏನೂ ಕೆಲಸ ಆಗಲಿಲ್ಲ, ಆದರೂ ಸಾಕಾಗಿದೆ’ ಎನ್ನುವವರ ಮಾತಿಗೆ ಇಷ್ಟು ವಿವರಣೆ ಸಾಲುತ್ತದೆ.

ಯಂತ್ರದಿಂದ ಬರುವ ಒತ್ತಡಕ್ಕೆ ತನ್ನದೇ ಹೆಸರು ದೊರೆತದ್ದು 1984ರಲ್ಲಿ, ಕ್ರೇಗ್ ಬ್ರಾಡ್ ಎಂಬ ಅಮೆರಿಕದ ಮನಶ್ಚಿಕಿತ್ಸಕರು ಅದನ್ನು ‘ಟೆಕ್ನೋಸ್ಟ್ರೆಸ್’ ಎಂದು ಕರೆದಾಗ. ಮುಂದೆ ಮೊನಿದೀಪಾ ತಾರಾಫ್‌ದಾರ್ ಮತ್ತು ಸಂಗಡಿಗರು 2007ರಲ್ಲಿ ಅದರ ಮೂಲಗಳನ್ನು ಐದಾಗಿ ಬಿಡಿಸಿದರು: ಯಂತ್ರ ಕೆಲಸದ ವೇಗವನ್ನೂ ಪ್ರಮಾಣವನ್ನೂ ಹೆಚ್ಚಿಸುವುದು, ಮನೆಯೊಳಗೂ ಬಿಡುವಿನೊಳಗೂ ನುಗ್ಗುವುದು, ಕಲಿಯಲಾರದಷ್ಟು ಜಟಿಲವಾಗಿರುವುದು, ನೌಕರಿಯ ಭದ್ರತೆಗೆ ಆತಂಕ ತರುವುದು, ಒಂದನ್ನು ಕಲಿಯುವಷ್ಟರಲ್ಲಿ ಮತ್ತೊಂದು ಬರುವುದು. ಈ ಐದನ್ನೂ ಒಬ್ಬನೇ ವ್ಯಕ್ತಿಯಲ್ಲಿ ನೋಡಬೇಕೆನ್ನುವ ಸಂಶೋಧಕ ದೂರ ಹೋಗಬೇಕಿಲ್ಲ. ಕರ್ನಾಟಕದ ಯಾವುದೇ ಹೋಬಳಿಯ ಗ್ರಾಮ ಆಡಳಿತಾಧಿಕಾರಿ ಸಿಗುತ್ತಾರೆ.

ತಲಾಟಿಯ ಮೊಬೈಲ್

ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಊರುಗಳ ಜಮೀನಿನ ಲೆಕ್ಕ ಪಟವಾರಿಯ ಬಸ್ತಾದಲ್ಲಿ ಇರುತ್ತಿತ್ತು. ಮುಂದೆ ಗ್ರಾಮ ಲೆಕ್ಕಿಗರು ಬಂದರು, ಇತ್ತೀಚೆಗೆ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು ಬಂದಿದೆ, ಆಡುಮಾತಿನಲ್ಲಿ ‘ತಲಾಟಿ’ ಎಂಬುದು ಉತ್ತರ ಕರ್ನಾಟಕದಲ್ಲಿ ಇನ್ನೂ ಹೋಗಿಲ್ಲ. ಕಾಗದದ ಕಾಲದ ಆ ಅಧಿಕಾರದಲ್ಲಿ ದಬ್ಬಾಳಿಕೆಗೂ ಲಂಚಕ್ಕೂ ಬೇಕಾದಷ್ಟು ಅವಕಾಶವಿತ್ತು. 2000ದ ಬಳಿಕ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಮಾಡಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನಿಗೆ ನೇರವಾಗಿ ಪಹಣಿ ಸಿಗುವಂತೆ ಮಾಡಿದ್ದು ಈ ಕಾರಣಕ್ಕಾಗಿಯೇ ದೇಶದ ಗಮನ ಸೆಳೆಯಿತು. ತಂತ್ರಜ್ಞಾನವನ್ನು ಒಟ್ಟಾರೆ ಶಪಿಸುವವರು ಈ ಒಂದು ಉದಾಹರಣೆಯನ್ನಾದರೂ ಮರೆಯಬಾರದು.

ಆದರೆ ಆಗ ಕಂಪ್ಯೂಟರ್ ಕೆಲಸವನ್ನು ಹಳ್ಳಿಯಿಂದ ತೆಗೆದುಕೊಂಡು ತಾಲ್ಲೂಕಿನಲ್ಲಿ ಇಟ್ಟಿತ್ತು. ಸ್ಮಾರ್ಟ್‌ಫೋನ್ ಬಂದ ಮೇಲೆ ಇಲಾಖೆಗಳು ತಮ್ಮ ತಮ್ಮ ಕೆಲಸವನ್ನು ಒಂದೊಂದು ಆ್ಯಪ್ ಮಾಡಿ ಮತ್ತೆ ಹಳ್ಳಿಯ ಅದೇ ಒಬ್ಬ ನೌಕರನ ಕಿಸೆಗೆ ಹಾಕಿದವು. ಸರ್ಕಾರಿ ಜಮೀನು ಒತ್ತುವರಿಯಾಗಿದೆಯೇ ಎಂದು ಸ್ಥಳಕ್ಕೇ ಹೋಗಿ ದಾಖಲಿಸುವ ಲ್ಯಾಂಡ್ ಬೀಟ್, ಬಗರ್ ಹುಕುಂ ಅರ್ಜಿಗಳ ಪರಿಶೀಲನೆ, ಪಹಣಿಗೆ ಆಧಾರ್ ಜೋಡಣೆ, ಬೆಳೆ ಸಮೀಕ್ಷೆ, ಮತದಾರರ ಪಟ್ಟಿಯ ಕೆಲಸ, ತೀರಿಹೋದವರ ಹೆಸರಿನಲ್ಲಿ ಉಳಿದ ಜಮೀನನ್ನು ವಾರಸುದಾರರಿಗೆ ವರ್ಗಾಯಿಸುವ ಪೌತಿ ಖಾತೆ ಹೀಗೆ ಒಂದರ ಮೇಲೊಂದು ಸೇರಿದವು. ಒಂದೊಂದಕ್ಕೂ ಬೇರೆ ಗುಪ್ತಪದ, ಬೇರೆ ಗುರಿ, ಸಂಜೆ ವಿಡಿಯೊ ಸಭೆಯಲ್ಲಿ ಕೇಳುವ ಬೇರೆ ಅಧಿಕಾರಿ. 2024ರ ಸೆಪ್ಟೆಂಬರ್ 26ರಂದು ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕುಳಿತಾಗ, ಮತ್ತೆ 2025ರ ಫೆಬ್ರುವರಿ 10ರಿಂದ ಎರಡನೆಯ ಸುತ್ತಿಗೆ ಇಳಿದಾಗ, ಅವರ ದೂರಿನ ತಿರುಳು ಹದಿನೈದಕ್ಕೂ ಮೀರಿದ ಮೊಬೈಲ್ ಮತ್ತು ವೆಬ್ ಆ್ಯಪ್‌ಗಳ ಒತ್ತಡವಾಗಿತ್ತು, ಬೇಡಿಕೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್, ಪ್ರಿಂಟರ್‌ಗಳ ಜೊತೆಗೆ ಕುರ್ಚಿ-ಮೇಜು ಇರುವ ಒಂದು ಕಚೇರಿಯೂ ಸೇರಿತ್ತು. ಸಂಬಳ ಹೆಚ್ಚಿಸಿ ಎಂಬ ಮುಷ್ಕರಗಳನ್ನು ಕರ್ನಾಟಕ ಎಷ್ಟೋ ಕಂಡಿದೆ. ಆ್ಯಪ್ ಕಡಿಮೆ ಮಾಡಿ ಎಂಬುದನ್ನು ಮುಂದಿಟ್ಟುಕೊಂಡು ಕಂದಾಯ ಇಲಾಖೆಯ ಕೆಳಹಂತದ ನೌಕರರು ರಾಜ್ಯದಾದ್ಯಂತ ಬೀದಿಗೆ ಬಂದದ್ದು ಅತಿಹೊರೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ.

ಇದು ಒಂದು ಇಲಾಖೆಯ ಕತೆಯಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯ ಚಳಿಯಲ್ಲಿ ಕುಳಿತ ಆಶಾ ಕಾರ್ಯಕರ್ತೆಯರು, ತಾಯಿ-ಮಗುವಿನ ಆರೋಗ್ಯದ ವಿವರಗಳನ್ನು ತುಂಬುವ ಆರ್‌ಸಿಎಚ್ ಪೋರ್ಟಲ್‌ಗೆ ತಮ್ಮ ಪ್ರೋತ್ಸಾಹಧನವನ್ನು ಗಂಟುಹಾಕಿದ್ದರಿಂದ ಮಾಡಿದ ಕೆಲಸಕ್ಕೂ ದುಡ್ಡು ಬರುತ್ತಿಲ್ಲವೆಂದು ದೂರಿದರು. ಅಂಗನವಾಡಿಗಳಲ್ಲಿ 2021ರಿಂದ ಪೋಷಣ್ ಟ್ರ್ಯಾಕರ್ ಬಂತು, 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ದಸರೆಯ ರಜೆಯಲ್ಲಿದ್ದ ಶಿಕ್ಷಕರು ಆ್ಯಪ್ ಹಿಡಿದು ಮನೆಮನೆ ತಿರುಗಿದರು. ಮೊದಲ ದಿನಗಳಲ್ಲಿ ಸರ್ವರ್ ಕೈಕೊಟ್ಟಿತು, ಗಡುವು ಮುಂದೆ ಹೋಯಿತು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೂ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಸರ್ವರ್ ಕೈಕೊಟ್ಟಾಗ ಪೋಲಾಗುವ ಹೊತ್ತು ಸರ್ವರಿನದಲ್ಲ, ಮನೆಯ ಬಾಗಿಲಲ್ಲಿ ನಿಂತ ಶಿಕ್ಷಕಿಯದು. ಅಂಥ ಹೊತ್ತನ್ನು ಯಾವ ಡ್ಯಾಶ್‌ಬೋರ್ಡೂ ತೋರಿಸುವುದಿಲ್ಲ.

ಯಂತ್ರ ಬಂದಷ್ಟೂ ಮನುಷ್ಯನ ಕೆಲಸ ಕಡಿಮೆಯಾಗಬೇಕಿತ್ತಲ್ಲ ಎಂಬ ಸಹಜ ಸಂದೇಹಕ್ಕೆ ಬ್ರಿಟನ್ನಿನ ಲಿಸಾನ್ ಬೇನ್‌ಬ್ರಿಜ್ 1983ರಷ್ಟು ಹಿಂದೆಯೇ ಉತ್ತರ ಕೊಟ್ಟಿದ್ದರು. ಯಾಂತ್ರೀಕರಣವು ಸುಲಭವಾದದ್ದನ್ನು ತಾನು ತೆಗೆದುಕೊಂಡು ಕಷ್ಟವಾದದ್ದನ್ನು ಮನುಷ್ಯನಿಗೆ ಬಿಡುತ್ತದೆ, ಮೇಲಾಗಿ ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಕಾಯುವ ಹೊಸ ಕೆಲಸವನ್ನೂ ಅವನಿಗೇ ವಹಿಸುತ್ತದೆ ಎಂಬುದು ಅವರ ವಾದ. ಉದ್ಯೋಗ ಖಾತರಿಯಲ್ಲಿ ಇದು ಅಕ್ಷರಶಃ ನಡೆಯಿತು. ಹಾಜರಿಯಲ್ಲಿ ಮೋಸ ತಡೆಯಲೆಂದು 2023ರ ಜನವರಿ 1ರಿಂದ ಕಾಮಗಾರಿಯ ಸ್ಥಳದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಎನ್‌ಎಂಎಂಎಸ್ ಆ್ಯಪ್‌ಗೆ ಏರಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು; ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಫೋಟೊಗಳು ಏರುತ್ತಿರುವುದು ಕಂಡುಬಂದ ಮೇಲೆ 2025ರ ಜುಲೈನಲ್ಲಿ ಅದೇ ಸರ್ಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಫೋಟೊವನ್ನೂ ಮನುಷ್ಯರೇ ನೋಡಿ ತಾಳೆಹಾಕಬೇಕೆಂದು ಹೇಳಬೇಕಾಯಿತು. ಕಾವಲಿಗೆ ಇಟ್ಟ ಯಂತ್ರಕ್ಕೆ ಮನುಷ್ಯನ ಕಾವಲು.

ಕಚೇರಿಯ ಕಿಟಕಿಯ ಈಚೆ ನಿಂತವರ ಹೊರೆ ಬೇರೆಯ ಜಾತಿಯದು. ನಗರದ ಮಧ್ಯಮ ವರ್ಗವನ್ನು ಕಾಡುವುದು ಮಾಹಿತಿಯ ಅತಿಶಯವಾದರೆ, ಹಳ್ಳಿಯ ಬಡವರನ್ನು ಕಾಡುವುದು ಪುರಾವೆಯ ಅತಿಶಯ. ತಾನು ತಾನೇ ಎಂಬುದನ್ನು ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಿಂಚಣಿಗೆ, ಬೆಳೆ ವಿಮೆಗೆ ಮತ್ತೆ ಮತ್ತೆ ರುಜುವಾತು ಮಾಡುತ್ತಿರಬೇಕಾದ ಆಯಾಸ ಅದು. ಹೊಲದ ದುಡಿಮೆಯಲ್ಲಿ ಬೆರಳಿನ ಗೆರೆ ಸವೆದವರಿಗೆ ‘ಥಂಬ್ ಬರಂಗಿಲ್ಲ’ ಎಂಬ ಉತ್ತರ, ಎಲ್ಲ ಸರಿಯಿದ್ದವರಿಗೆ ‘ಸರ್ವರ್ ಡೌನ್ ಅದ, ನಾಳಿ ಬರ್ರಿ’ ಎಂಬ ಉತ್ತರ. ದಿನಗೂಲಿಯವನಿಗೆ ನಾಳೆ ಬರುವುದೆಂದರೆ ನಾಳೆಯ ಕೂಲಿ ಹೋಗುವುದು. ಹಾಗಾಗಿ ಅವನ ತಲೆಯಲ್ಲಿ ಉಳಿಯುವ ಅರ್ಧ ಮುಗಿದ ಕೆಲಸಕ್ಕೆ ಬೆಲೆಯೂ ಅಂಟಿಕೊಂಡಿರುತ್ತದೆ. ಊರಿನ ಆನ್‌ಲೈನ್ ಸೆಂಟರುಗಳು ಈ ಹೊರೆಯನ್ನು ಹಣಕ್ಕೆ ಹೊರುತ್ತವೆ, ಮನೆಯೊಳಗೆ ಅದನ್ನು ಹೈಸ್ಕೂಲು ಓದುವ ಮಗಳೋ ಮೊಮ್ಮಗನೋ ಪುಕ್ಕಟೆಯಾಗಿ ಹೊರುತ್ತಾರೆ. ಮಕ್ಕಳು ಮೊಬೈಲ್ ಹಿಡಿದಿರುತ್ತಾರೆಂದು ಬೈಯುವ ಹಿರಿಯರೇ ಒಟಿಪಿ ಬಂದಾಗ ಅವರನ್ನು ಕೂಗಿ ಕರೆಯುವುದು ಈ ಕಾಲದ ಸಣ್ಣ ವಿನೋದಗಳಲ್ಲಿ ಒಂದು.

ಇಷ್ಟಾದರೂ ಮೊಬೈಲನ್ನು ಬರೀ ಪೀಡೆಯೆಂದು ಬಗೆಯುವುದು ಈ ಸೀಮೆಯ ಮಟ್ಟಿಗೆ ಅನ್ಯಾಯವಾದೀತು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋದ ಕುಟುಂಬಗಳಿಗೂ, ಬಂದೋಬಸ್ತಿಗಾಗಿ ವಾರಗಟ್ಟಲೆ ಊರೂರು ತಿರುಗುವ ಮೀಸಲು ಪೊಲೀಸರಿಗೂ ಮನೆಯವರ ಮುಖ ಕಾಣಿಸುವುದು ಅದೇ ಪರದೆಯಲ್ಲಿ. ಮೊಬೈಲ್ ಎಸೆಯಿರಿ ಎಂಬ ಉಪದೇಶ ಮನೆಯಲ್ಲಿಯೇ ಎಲ್ಲರೂ ಇರುವವರಿಗೆ ಮಾತ್ರ ಸುಲಭ.

ಸಂಭಾಳಿಸುವ ದಾರಿಗಳು

ಒತ್ತಡವನ್ನು ಎದುರಿಸುವ ಬಗೆಗಳನ್ನು ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ಎರಡಾಗಿ ವಿಂಗಡಿಸಿದ್ದಾರೆ: ಒತ್ತಡದ ಮೂಲವನ್ನೇ ಬದಲಿಸುವುದು ಒಂದು, ಮೂಲ ಹಾಗೆಯೇ ಇದ್ದು ಅದರಿಂದ ಮನಸ್ಸಿನಲ್ಲಿ ಏಳುವ ಭಾವವನ್ನು ಹದಕ್ಕೆ ತರುವುದು ಇನ್ನೊಂದು. ಧ್ಯಾನ, ಪ್ರಾಣಾಯಾಮ, ವಾಯುವಿಹಾರ, ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುವುದು ಮುಂತಾಗಿ ಪತ್ರಿಕೆಗಳು ಕೊಡುವ ಸಲಹೆಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಅವುಗಳಿಂದ ಉಪಯೋಗವುಂಟು, ಆದರೆ ಅವು ಹೊರೆಯನ್ನು ಇಳಿಸುವುದಿಲ್ಲ, ಹೆಗಲನ್ನು ನೀವುತ್ತವೆ. ಒಬ್ಬ ವ್ಯಕ್ತಿ ತನ್ನ ಮಟ್ಟಿಗೆ ಮೂಲವನ್ನೇ ಮುಟ್ಟಬಹುದಾದ ಒಂದು ಉಪಾಯದ ಬಗ್ಗೆ ಮಾತ್ರ ಭಾರತದಲ್ಲಿಯೇ ನಡೆದ ಪ್ರಯೋಗದ ಆಧಾರವಿದೆ. ನಿಕೋಲಸ್ ಫಿಟ್ಜ್ ಮತ್ತು ಸಂಗಡಿಗರು ಇಲ್ಲಿಯ ಸ್ಮಾರ್ಟ್‌ಫೋನ್ ಬಳಕೆದಾರರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಟಿಫಿಕೇಷನ್‌ಗಳನ್ನು ಬಂದಂತೆ ಬಿಡದೆ ದಿನಕ್ಕೆ ಮೂರು ಹೊತ್ತು ಕಟ್ಟುಕಟ್ಟಾಗಿ ತಲುಪಿಸಿದಾಗ ಜನರ ಗಮನ, ಮನಃಸ್ಥಿತಿ, ಕೆಲಸದ ಉತ್ಪಾದಕತೆ ಎಲ್ಲವೂ ಸುಧಾರಿಸಿದವು. ಕುತೂಹಲದ ಸಂಗತಿಯೆಂದರೆ, ಅವುಗಳನ್ನು ಪೂರ್ತಿ ನಿಲ್ಲಿಸಿದ ಗುಂಪಿನವರಲ್ಲಿ ಏನೋ ತಪ್ಪಿಹೋಗುತ್ತಿದೆಯೆಂಬ ಆತಂಕವೇ ಹೆಚ್ಚಿತು. ಉಪವಾಸಕ್ಕಿಂತ ಹೊತ್ತುಹೊತ್ತಿನ ಊಟ ಮೇಲು ಎಂದಂತಾಯಿತು. ಆದರೆ ಹೊತ್ತು ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಇರುವುದು ಯಾರಿಗೆ? ಮೇಲಧಿಕಾರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಸೂಚನೆಗೆ ನೀಲಿ ಗೆರೆ ಬಿದ್ದರೂ ಉತ್ತರ ಬರದಿದ್ದರೆ ನೋಟಿಸು ಬರುವ ಕಡೆ ಮೂರು ಹೊತ್ತಿನ ನಿಯಮವನ್ನು ಪಾಲಿಸುವವರು ಅಪರೂಪ.

ಹೊರೆ ಅತಿಯಾಗಿ ನಿದ್ದೆ-ಊಟಗಳಿಗೇ ಭಂಗ ಬಂದಾಗ, ಬದುಕೇ ಬೇಡವೆನಿಸಿದಾಗ, ಅದು ಸ್ವಂತ ಉಪಾಯ ಮೀರಿದ ವಿಷಯ. ಆಗ ವೈದ್ಯರ ಬಳಿಗೆ ಹೋಗಬೇಕು. ಈ ವಿಚಾರದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಒಂದು ಗೌರವದ ಚರಿತ್ರೆಯಿದೆ. ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡ ಆಸ್ಪತ್ರೆಗಳ ಗೋಡೆಯಾಚೆ ತಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರ ಮೂಲಕವೇ ಒದಗಿಸಬಹುದೆಂಬುದನ್ನು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು, ಆ ‘ಬಳ್ಳಾರಿ ಮಾದರಿ’ಯನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ಬೆಂಗಳೂರಿನಲ್ಲಿ ತೆರೆಯಿತು. ತಾಜಸುಲ್ತಾನಪುರದವರಿಗೆ ಬೆಂಗಳೂರು ದೂರವಾದರೂ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಹತ್ತಿರದಲ್ಲಿದೆ. ಜೊತೆಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆಯೆಂದೂ, ಖಿನ್ನತೆ-ಆತಂಕಗಳಂಥ ಸಾಮಾನ್ಯ ತೊಂದರೆಗಳಿರುವವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದೂ ಕಂಡುಕೊಂಡಿತು. ಕಾಯಿಲೆಗೇ ಹೀಗಿರುವಾಗ ಕಾಯಿಲೆಯಲ್ಲದ ಅತಿಹೊರೆಯನ್ನು ಚಿಕಿತ್ಸಾಲಯಗಳು ಪರಿಹರಿಸಲಿ ಎನ್ನುವುದು ಅವುಗಳ ಮೇಲೆ ಇನ್ನೊಂದು ಹೊರೆ.

ಹೀಗಾಗಿ ವ್ಯಕ್ತಿಗೂ ವೈದ್ಯನಿಗೂ ನಡುವೆ ಇರುವ ಮೂರನೆಯ ದಾರಿ, ಅಂದರೆ ಒಂದು ಊರೋ ಒಂದು ಸಂಸ್ಥೆಯೋ ಒಟ್ಟಾಗಿ ಹೊತ್ತು ಕಟ್ಟುವ ದಾರಿ, ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರು 2022ರಲ್ಲಿ ಸಂಜೆ 7ಕ್ಕೆ ಸೈರನ್ ಊದಿ ಒಂದೂವರೆ ಗಂಟೆ ಕಾಲ ಟಿವಿ-ಮೊಬೈಲ್‌ಗಳನ್ನು ಆರಿಸುವ ಕಟ್ಟಳೆ ಮಾಡಿಕೊಂಡು ಹೆಸರಾಯಿತು. ಬಳಿಕ ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಸಂಜೆ 7ರಿಂದ 9ರವರೆಗೆ ಇಂಥದೇ ನಿಯಮ ತಂದಿತು. ಇಂಥ ನಿಯಮಗಳು ಎಷ್ಟು ವರ್ಷ ಬಾಳುತ್ತವೆಂಬ ಸಂಶಯ ಸಹಜವಾದರೂ ಅವುಗಳ ಹಿಂದಿನ ತರ್ಕ ಗಟ್ಟಿಯಾದದ್ದು: ಊರೆಲ್ಲ ಆರಿಸಿದಾಗ ಯಾರಿಗೂ ಏನೂ ತಪ್ಪಿಹೋಗುವುದಿಲ್ಲ, ಆದ್ದರಿಂದ ಆ ಆತಂಕಕ್ಕೆ ಕಾರಣವೇ ಇರುವುದಿಲ್ಲ. ಉತ್ತರ ಕರ್ನಾಟಕದ ಒಕ್ಕಲಿಗೆ ಇದು ಹೊಸ ಬುದ್ಧಿಯೂ ಅಲ್ಲ. ಸೋಮವಾರ ಎತ್ತು ಹೂಡಬಾರದೆಂಬ ರೂಢಿ ಎತ್ತಿನ ಇಚ್ಛೆಗೂ ಬಿಟ್ಟದ್ದಲ್ಲ, ಒಬ್ಬ ಯಜಮಾನನ ಕರುಣೆಗೂ ಬಿಟ್ಟದ್ದಲ್ಲ. ಮಳೆ ಬಿದ್ದು ಹದ ತಪ್ಪುತ್ತಿದ್ದರೂ ಊರೇ ಅದನ್ನು ನಡೆಸಿಕೊಂಡು ಬಂದದ್ದರಿಂದ ಎತ್ತಿಗೆ ಬಿಡುವು ಸಿಗುತ್ತಿತ್ತು.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಕಾನೂನು ಮಾಡಬಲ್ಲುದು. ಕೆಲಸದ ವೇಳೆ ಮುಗಿದ ಮೇಲೆ ಕರೆ-ಸಂದೇಶಗಳಿಗೆ ಉತ್ತರಿಸದಿರುವ ನೌಕರನ ಹಕ್ಕು, ಅಂದರೆ ಸಂಪರ್ಕ ಕಡಿದುಕೊಳ್ಳುವ ಹಕ್ಕು, ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕಾನೂನಾಗಿದೆ. ಭಾರತದ ಸಂಸತ್ತಿನಲ್ಲಿ ಖಾಸಗಿ ಮಸೂದೆಯಾಗಿ ಬಂದದ್ದು ಬಿಟ್ಟರೆ ಅದು ಮುಂದೆ ಹೋಗಿಲ್ಲ.

ಕಲಬುರಗಿಯ ಮಟ್ಟಿಗೆ ಫ್ರಾನ್ಸಿನ ಉದಾಹರಣೆಯೂ ಬೇಕಿಲ್ಲ. ಬಿಸಿಲಿನ ತಾಪ 42–43 ಡಿಗ್ರಿ ಮುಟ್ಟುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಎಲ್ಲ ಜಿಲ್ಲೆಗಳ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಗಳ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುವಂತೆ ರಾಜ್ಯ ಸರ್ಕಾರ ಆದೇಶ ಹೊರಡಿಸುವ ಪದ್ಧತಿಯಿದೆ. ಮನುಷ್ಯನ ಮೈಗೆ ಒಂದು ಮಿತಿಯಿದೆ, ಅದನ್ನು ಮೀರಿ ದುಡಿಸುವುದು ತರವಲ್ಲ, ಮತ್ತು ಆ ಮಿತಿಯನ್ನು ಕಾಯುವುದು ನೌಕರನ ಸಹನೆಯ ವಿಷಯವಲ್ಲ, ಆಳುವವರ ಹೊಣೆ ಎಂಬ ತತ್ತ್ವವನ್ನು ಆ ಆದೇಶ ಸದ್ದಿಲ್ಲದೆ ಒಪ್ಪಿಕೊಂಡಿದೆ. ಆದರೆ 1.30ಕ್ಕೆ ಬೀಗ ಬೀಳುವುದು ಕಟ್ಟಡಕ್ಕೆ ಮಾತ್ರ. ತಲಾಟಿಯ ಮೊಬೈಲಿನಲ್ಲಿರುವ ಕಚೇರಿಗಳು ಸಂಜೆಯ ವಿಡಿಯೊ ಸಭೆಯನ್ನೂ ರಾತ್ರಿಯ ‘ಇಂದೇ ಪೂರ್ಣಗೊಳಿಸಿ’ ಎಂಬ ಸಂದೇಶವನ್ನೂ ಬಿಡುವುದಿಲ್ಲ. ಮುಂದಿನ ಬೇಸಿಗೆಯ ಆದೇಶ ಸಿದ್ಧವಾಗುವಾಗ, ಕಚೇರಿಯ ವೇಳೆ ಮುಗಿದ ಬಳಿಕ ತುರ್ತು ವಿಪತ್ತಿನ ಹೊರತು ಯಾವ ಆ್ಯಪ್‌ನ ಗುರಿಯನ್ನೂ ಕೇಳತಕ್ಕದ್ದಲ್ಲ, ಒಂದೇ ವಿವರವನ್ನು ಎರಡು ಆ್ಯಪ್‌ಗಳಲ್ಲಿ ತುಂಬಿಸತಕ್ಕದ್ದಲ್ಲ ಎಂಬ ಎರಡು ಸಾಲುಗಳನ್ನು ಸೇರಿಸಲು ಅನುದಾನ ಬೇಕಾಗಿಲ್ಲ, ಹೊಸ ಆ್ಯಪ್ ಅಂತೂ ಬೇಕಾಗಿಯೇ ಇಲ್ಲ. ಕಂದಾಯ, ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು ಆ ಎರಡು ಸಾಲುಗಳನ್ನು ಮೊದಲು ಕಲಬುರಗಿ ವಿಭಾಗದಲ್ಲಿ ಜಾರಿಗೆ ತಂದು ನೋಡಬೇಕು, ಮತ್ತು ಅದನ್ನು ಬೇಸಿಗೆಯ ಎರಡು ತಿಂಗಳಿಗೆ ನಿಲ್ಲಿಸಬಾರದು.